ಬಂದರು

ಎಂಜಿನ್ನು ಸಣ್ಣದು. ಅಂಗೈಯಾಗ ಕುಂತರೂ
ಎರಡು ಬೆರಳು ಖಾಲಿ ಉಳೀತಾವ.
ನಾಕೇ ಗಾಲಿ, ಗಿಡ್ಡ ಚಿಮಣಿ,
ಡಿಕ್ಕಿ ತಿಂದು ತಿಂದು ಚಪ್ಪಟಾದ ಬಫರು.
ಗುಜರಿ ಚೀಲದಾಗಿಂದ ತೆಗೆದು ಮೀರಾಸಾಬ ಅಂದ:
'ಮುಂಬೈ ಗೋದಿಯಾಗ ವ್ಯಾಗನ್ ದೂಡತಿದ್ದವಲ್ಲ, ಅದರ ನಮೂನಿ.'
ಗೋದಿ ಅಂದರ ನನಗ ಹಿಟ್ಟಿನ ಗಿರಣಿ.
'ಅಲ್ಲೋ, ಹಡಗ ನಿಂದರೂ ಗೋದಿ' ಅಂದು ನಕ್ಕ.
ಅರವತ್ತು ರೂಪಾಯಿ, ಮ್ಯಾಲ ಒಂದು ಚಾ.

ಸುಟ್ಟ ಮೋಟಾರು ಸುತ್ತೂದು ನನ್ನ ಕಸಬು.
ಬೋರ್‌ವೆಲ್ಲು, ಗಿರಣಿ, ಕಬ್ಬಿನ ಗಾಣ,
ಐದು ಎಚ್‌ಪಿ, ಏಳೂವರಿ ಎಚ್‌ಪಿ.
ಇದರ ಹೊಟ್ಟಿಯೊಳಗಿನ ಸುರುಳಿ
ಮಗಳ ಕೂದಲಕಿಂತ ತೆಳ್ಳಗ.
ಮೂರು ರಾತ್ರಿ ಹಿಡೀತು, ಒಂದು ಭೂತಗನ್ನಡಿ,
ಮತ್ತ ಉಸಿರು ಬಿಗಿಹಿಡಿಯೂದು.
ನಾಕನೇ ರಾತ್ರಿ ಅಂಗಡಿ ಮೇಜಿನ ಮ್ಯಾಲ
ಒಂದು ಗೇಣು ಹೋತು. ನಿಂತಿತು. ಒಂದು ಗೇಣು ಹಿಂದ ಬಂತು.

ಇದಕ್ಕ ಊರು ದಾಟೂ ಕೆಲಸಿಲ್ಲ.
ಹುಬ್ಬಳ್ಳಿ ಬ್ಯಾಡ, ಸೊಲ್ಲಾಪುರ ಬ್ಯಾಡ.
ಇಲ್ಲಿದ್ದದ್ದು ಅಲ್ಲಿ, ಅಲ್ಲಿದ್ದದ್ದು ಇಲ್ಲಿ,
ಅಷ್ಟಕ್ಕ ಒಂದು ಜಲ್ಮ ಹಿಡೀತೈತಿ.
ಆದರ ದಂಡಿ ಬೇಕಲ್ಲ,
ದಂಡಿಗೊಂದು ಕಲ್ಲಿನ ಕಟ್ಟಿ.

ಬಿಲ್ ಬುಕ್ಕಿನ ಬೆನ್ನಿಗೆ ಪೆನ್ಸಿಲ್ ಹಚ್ಚಿದೆ.
ಒಂದೇ ಪಾಯಿಂಟು. ಎರಡು ಕವಲು.
ನೀರಿನ ಅಂಚಿಗೆ ಹೋಗೂ ಹಳಿ ಮೂರು ವ್ಯಾಗನ್ನಿನ ಉದ್ದ,
ಗೋಡೌನಿನ ಹಳಿ ಎರಡರದು.
ಹಿಂದ ಸರಿಯೂ ತುಂಡು ಹಳಿ ಮಾತ್ರ
ಎಂಜಿನ್ನಿಗೆ ಮತ್ತ ಎರಡು ವ್ಯಾಗನ್ನಿಗೆ,
ಅದರಾಚೆ ಒಂದು ನೂಲೂ ಇಲ್ಲ.
ಮೂರನೇದು ಯಾವಾಗಲೂ ಕಾಯಬೇಕು.
ಆಟ ಇರೂದ ಕಾಯಿಸೂದರಾಗ.
ನೇರ ಹೋಗಿ ಮುಟ್ಟಿದರ ಅದು ಲಾರಿ ಧಂದೆ.

'ಏನದು?' ಅಂದಳು ಕಸ್ತೂರಿ, ಚವಳಿಕಾಯಿ ಮುರಕೋತ.
ಬಂದರು, ಅಂದೆ.
'ಯಾರು ಬಂದರು?'
ಯಾರೂ ಬಂದಿಲ್ಲ. ಬಂದರು. ಹಡಗ ಬರೂ ಜಾಗಾ.
'ಬಾಗಲಕೋಟಿಗೆ?'
ಆಕಿ ನಗಿ ಅರ್ಧಕ್ಕ ನಿಂತಿತು.
ಮಳಿಗಾಲ ಮುಗಿದ ಮ್ಯಾಲ ಟೆರೇಸಿನಿಂದ ಕಾಣ್ತೈತಲ್ಲ
ಹಿನ್ನೀರು.
ನಾವು ಬಿಟ್ಟು ಬಂದ ಮ್ಯಾಲ
ನಮ್ಮೂರಿಗೆ ದಂಡಿ ಬಂತು.

ಹಲಗಿಗೆ ಪ್ಲೈವುಡ್ ತರೂ ವಿಚಾರಿತ್ತು.
ಅಟ್ಟದಾಗ ಕಿಲ್ಲಾ ಓಣಿ ಮನಿಯ ಒಂಟಿ ಕದ;
ಅದರ ಜೋಡಿ ಸಾಗಿಸೂವಾಗ ಟ್ರ್ಯಾಕ್ಟರಿನಿಂದ ಎಲ್ಲೋ ಬಿತ್ತು.
ಆರಡಿ ಐತಿ. ನನಗ ಬೇಕಾದದ್ದು ನಾಕು.
ಗರಗಸ ಇಟ್ಟೆ, ತೆಗೆದೆ. ಚಾ ಕುಡಿದು ಮತ್ತ ಇಟ್ಟೆ.
ಕೊಯ್ದ ಬಾಯಿಂದ ಸಾಗವಾನಿ ವಾಸನಿ ಬಂತು ನೋಡ್ರಿ,
ನಿನ್ನೆ ಕಡಿದಂಗ.
ನಮ್ಮ ಮುತ್ಯಾಗಿಂತ ಹಳೇ ಕದ.
ಅಗಳಿ ತೂತಿನಾಗ ವೈರು ಹಾಯ್ತು.
ಚಿಲಕದ ಗುರುತಿನ ಮ್ಯಾಲ ಕ್ರೇನು ಕುಂತಿತು.

ವ್ಯಾಗನ್ನಿಗೆ ಏನು ಹೇರೂದು?
ಕಲ್ಲಿದ್ದಲು, ಹತ್ತಿ ಅಂಡಗಿ, ಸಿಮೆಂಟು ಅಂತ ಬರಕೊಂಡಿದ್ದೆ.
ಮಗಳು ವಿಶಾಲಾಕ್ಷಿ ನನ್ನ ಪಟ್ಟಿ ನೋಡಲೇ ಇಲ್ಲ.
ಕಡ್ಡಿಪೆಟ್ಟಿಗಿ ಕತ್ತರಿಸಿ ಬೀಸೂ ಕಲ್ಲು ಮಾಡಿದಳು,
ಹೊಲಿಗಿ ಮಷೀನು, ಒಂದು ಗಂಗಾಳ,
ಕಾಲು ಕಟ್ಟಿದ ಕೋಳಿ.
ಯಾರು ಹೇಳಿದರು ಆಕಿಗೆ?
ಆಕಿ ಹುಟ್ಟಿದ್ದು ನವನಗರದ ದವಾಖಾನಿಯಾಗ.

ನೀರು ಕಡೀಗೆ.
ಮೊದಲು ಕಪ್ಪುಹಸಿರು ಬಣ್ಣ, ತೆಳ್ಳಗ. ಮ್ಯಾಲ ವಾರ್ನಿಶು,
ಮೋಟಾರಿನ ಸುರುಳಿಗೆ ಹಾಕೂ ಅದೇ ವಾರ್ನಿಶು,
ಒಣಗಿದ ಮ್ಯಾಲ ಇನ್ನೊಂದು, ಮತ್ತ ಇನ್ನೊಂದು.
ಕದದ ಮ್ಯಾಲ ಕೆತ್ತಿಗಿ ಇತ್ತು: ಒಂದು ತಾವರಿ, ಒಂದು ಗಿಣಿ.
ಅಳಸಾಕಂತ ಉಜ್ಜುಕಾಗದ ತಂದವ ಅಲ್ಲೇ ಇಟ್ಟೆ.
ತಳದಾಗ ಇರಲಿ.
ಐದನೇ ಸಲಕ್ಕ ತಾವರಿ ಮಬ್ಬಾತು,
ಏಳನೇದಕ್ಕ ಗಿಣಿ ಕಣ್ಣಷ್ಟ ಹೊಳೀತಿತ್ತು.

ಆರುವ ಮೊದಲ ಒಂದು ಇರಿವಿ ಇಳೀತು,
ನಾಕು ಹೆಜ್ಜಿ ಈಸಿ ಅಲ್ಲೇ ನಿಂತಬಿಡ್ತು.
ಚಿಮಟಿ ತರಾಕ ಎದ್ದೆ. ಕಸ್ತೂರಿ ಕೈ ಹಿಡಿದಳು:
'ಇರಲಿ ಬಿಡ್ರಿ. ಒಬ್ಬರಾದರೂ ಬಂದರಲ್ಲ.'

ಈಗ ರಾತ್ರಿ ಅಂಗಡಿ ಮುಚ್ಚಿದ ಮ್ಯಾಲ
ಎರಡನ್ನ ದೂಡಕೊಂಡು, ಒಂದನ್ನ ಬಿಟ್ಟು,
ಎಂಜಿನ್ನು ದಂಡಿತನಕ ಹೋಗ್ತೈತಿ.
ಕೋಳಿ ವ್ಯಾಗನ್ನು ಪಾಯಿಂಟಿನ ಹತ್ತರ ಕಾಯ್ತೈತಿ.
ಅದರ ಒಂದು ಗಾಲಿ ಇನ್ನೂ ಜರಾ ಸೊಟ್ಟ ಐತಿ.